ಹವಾಲ್ದಾರರ ಕಾಲುನೋವು

ನನಗೆ ಸಿಟ್ಟು ಬಂದಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸಮಾಧಾನದ ಕಥೆ ಬೇಕಾದವರು ಬೇರೆ ಯಾರ ಮನೆಯ ಕಟ್ಟೆಯ ಮೇಲಾದರೂ ಹೋಗಿ ಕೂತುಕೊಳ್ಳಲಿ, ನನ್ನ ಹತ್ತಿರ ಅದಿಲ್ಲ. ನನ್ನ ಹೆಸರು ಬಸಲಿಂಗವ್ವ. ನನ್ನ ಗಂಡ ಹವಾಲ್ದಾರ್ ರಾಚಪ್ಪ, ಗಡಿಯಲ್ಲಿ ಶೆಲ್ಲಿನ ಚೂರು ಹೊಕ್ಕಿಸಿಕೊಂಡು ಊರಿಗೆ ಬಂದವರು. ಚೂರು ಇದ್ದದ್ದು ಅವರ ಬಲದೊಡೆಯಲ್ಲಿ. ನೋವು ಇದ್ದದ್ದು ನನ್ನ ಬಲದೊಡೆಯಲ್ಲಿ.

ನಮ್ಮೂರಿನಲ್ಲಿ ಒಬ್ಬರ ನೋವನ್ನು ಇನ್ನೊಬ್ಬರು ಕೇಳಿ ಪಡೆಯುತ್ತಾರೆ. ಮಣಿಕಟ್ಟು ಹಿಡಿದು "ಕೊಡು" ಅನ್ನಬೇಕು, ನೋವಿದ್ದವರು "ತಗೋ" ಅನ್ನಬೇಕು, ಮುಗಿಯಿತು. ಮಗುವಿಗೆ ಕಿವಿ ಸಿಡಿದರೆ ತಾಯಿ ತಗೊಳ್ಳುತ್ತಾಳೆ. ಮದುವೆಯ ದಿನ ಮದುಮಗನಿಗೆ ಹಲ್ಲುನೋವು ಬಂದರೆ ಅವನ ಸೋದರಮಾವ ಅಕ್ಷತೆ ಬೀಳುವ ತನಕ ದವಡೆ ಹಿಡಿದುಕೊಂಡು ಕಂಬಕ್ಕೆ ಒರಗಿರುತ್ತಾನೆ. ಹೆರಿಗೆಯ ಹೊತ್ತಿನಲ್ಲಿ ಗಂಡನೂ ಕೇಳಬಹುದು. ಕೇಳಿದವನನ್ನು ನಾನಂತೂ ಕಂಡಿಲ್ಲ, ಸರಿಯಾಗಿ ಅವತ್ತೇ ಎಲ್ಲ ಗಂಡಸರಿಗೂ ಪರಊರಿನಲ್ಲಿ ಕೆಲಸ ಬಿದ್ದಿರುತ್ತದೆ. ಒಮ್ಮೆ ಪಡೆದ ನೋವನ್ನು ನಾವಾಗಿ ಇನ್ನೊಬ್ಬರ ಮೇಲೆ ಎತ್ತಿಹಾಕಲು ಬರುವುದಿಲ್ಲ. ಯಾರಾದರೂ ಬಾಯಿಬಿಟ್ಟು ಕೇಳಬೇಕು, ಇಲ್ಲವೇ ಮೊದಲಿನ ಧಣಿಯೇ ಬಂದು ವಾಪಸ್ಸು ಕೇಳಬೇಕು. ಅಲ್ಲಿಯ ತನಕ ಅದು ನಮ್ಮದೇ. ಇನ್ನೊಂದು ಮಾತು, ಇದನ್ನು ನಮ್ಮೂರಿನವರೇ ಮರೆಯುತ್ತಾರೆ: ಹೋಗುವುದು ನೋವು ಮಾತ್ರ. ಗಾಯ ಎಲ್ಲಿತ್ತೋ ಅಲ್ಲೇ ಕೂತಿರುತ್ತದೆ.

ನಮ್ಮೂರಿನ ಮನೆ ಮನೆಯಿಂದಲೂ ಗಂಡುಮಕ್ಕಳು ದಂಡಿಗೆ ಹೋಗಿದ್ದಾರೆ. ಹೋದವರಲ್ಲಿ ಕೆಲವರು ಫೋಟೋ ಆಗಿ ಬಂದರು, ಉಳಿದವರು ಮೈಯಲ್ಲಿ ಏನಾದರೊಂದು ಸಿಕ್ಕಿಸಿಕೊಂಡು ಬಂದರು. ಧ್ವಜ ಏರಿಸುವ ದಿನ ನೋಡಬೇಕು ನೀವು. ಮಾಜಿ ಸೈನಿಕರು ಎದೆ ಸೆಟೆಸಿಕೊಂಡು, ಬೂಟು ಟಪಟಪ ಅನ್ನಿಸುತ್ತ ಸಾಲಾಗಿ ಹೋಗುತ್ತಾರೆ. ಅವರ ಹಿಂದೆ ಅವರ ಹೆಂಡಂದಿರು, ತಾಯಂದಿರು, ಅಕ್ಕಂದಿರು ಬರುತ್ತಾರೆ. ಒಬ್ಬಳು ಕುಂಟುತ್ತ, ಒಬ್ಬಳು ತಲೆ ಹಿಡಿದುಕೊಂಡು, ಒಬ್ಬಳು ಭುಜ ಇಳಿಬಿಟ್ಟುಕೊಂಡು. ದಾರಿಯಲ್ಲಿ ಕುಂಟುವ ಹೆಂಗಸನ್ನು ಕಂಡರೆ ನಮ್ಮಲ್ಲಿ "ಏನಾತವ್ವಾ ಕಾಲಿಗೆ" ಎಂದು ಯಾರೂ ಕೇಳುವುದಿಲ್ಲ. "ಯಾರದವ್ವಾ ಇದು" ಎಂದು ಕೇಳುತ್ತಾರೆ.

ಹವಾಲ್ದಾರರು ಬಸ್ಸಿಳಿದು ಬಂದ ಸಂಜೆ ಬಡಿಗೆ ಊರಿಕೊಂಡು ಪಡಸಾಲೆಗೆ ಬಂದು ಕೂತರು. ದೂರದ ಆಸ್ಪತ್ರೆಯಲ್ಲಿ ಅಷ್ಟೂ ದಿನ ತಾವೇ ತಡೆದುಕೊಂಡು ಮುಖ ಸುಟ್ಟ ಬದನೆಕಾಯಿಯ ಹಾಗೆ ಆಗಿತ್ತು. ನಾನೇ ಮಣಿಕಟ್ಟು ಹಿಡಿದು ಕೇಳಿದೆ. ಯಾರೂ ನನ್ನನ್ನು ಒತ್ತಾಯ ಮಾಡಲಿಲ್ಲ. "ತಗೋ" ಅಂದರು. ಅವರ ಹುಬ್ಬು ಸಡಿಲಾಯಿತು, ಮದುವೆಯಲ್ಲಿ ನೋಡಿದ್ದ ಮುಖ ಮತ್ತೆ ಬಂತು, ಕೂತಲ್ಲೇ ನಿದ್ದೆ ಹೋದರು. ನಾನು ಗೋಡೆ ಹಿಡಿದು ನಿಂತೆ. ಅವತ್ತು ಕೇಳಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ, ಇನ್ನೊಮ್ಮೆ ಹಾಗೇ ಬಂದು ಕೂತರೆ ಇನ್ನೊಮ್ಮೆ ಕೇಳಿಯೇನು. ಗಾಯ ಮಾಯುವ ತನಕ ಎಂದುಕೊಂಡಿದ್ದೆ. ಗಾಯ ಮೇಲೆ ಮಾಯಿತು, ಒಳಗೆ ಚೂರು ಉಳಿಯಿತು, ವರ್ಷಗಳು ಹೋದವು. ಮೊದಮೊದಲು ಬೆಳಗಾಗೆದ್ದು "ಹೆಂಗದ ಈಗ?" ಎಂದು ವಿಚಾರಿಸುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಅದೂ ನಿಂತುಹೋಯಿತು. ಮನೆಯೊಳಗಿನ ಕಂಬದ ಹಾಗೆ, ಇದೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು.

ನನಗೆ ಮರೆಯುವುದು ಹೇಗೆ? ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯಲು ಆಗುವುದಿಲ್ಲ ಎಂದು ಒಲೆಯನ್ನು ಕಟ್ಟೆಯ ಮೇಲೆ ಎತ್ತಿಸಿದೆ. ಮೋಡ ಕಟ್ಟಿದ ದಿನ ತೊಡೆಯೊಳಗೆ ಯಾರೋ ಕಾದ ಸೂಜಿ ತಿರುವಿದ ಹಾಗೆ. ಹಬ್ಬಕ್ಕೊಮ್ಮೆ ಓಣಿಯ ಹುಸೇನಬಿ ಬಂದು "ಕೊಡವ್ವಾ, ಇವತ್ತೊಂದಿನ ತಲಿಗೆ ನೀರ್ ಹಾಕ್ಕೋ" ಎಂದು ಕೇಳುತ್ತಿದ್ದಳು. ಕೊಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಅವಳ ತಲೆಯಲ್ಲಿ ಆಗಲೇ ಅವಳ ಮಗ ಮೌಲಾನ ನೋವಿತ್ತು. ಅವನೂ ದಂಡಿನಿಂದ ಬಂದವನೇ, ತಲೆಬುರುಡೆಯಲ್ಲಿ ತಗಡು ಕೂರಿಸಿಕೊಂಡು. ಮಗ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರ್ ಹೊಡೆಯುತ್ತಿದ್ದ, ತಾಯಿ ಕಿಟಕಿಗೆ ಗೋಣಿ ಕಟ್ಟಿದ ಕತ್ತಲೆ ಕೋಣೆಯಲ್ಲಿ ಮಲಗಿರುತ್ತಿದ್ದಳು.

ಇತ್ತ ನಮ್ಮ ಹವಾಲ್ದಾರರು ಏನು ಮಾಡಿದರು ಎಂದು ಕೇಳಿ. ಗರಡಿಮನೆಗೆ ಹೋಗಲು ಶುರು ಮಾಡಿದರು! ಹುಡುಗರಿಗೆ ಕುಸ್ತಿ ಹೇಳಿಕೊಡುತ್ತಾರಂತೆ. ಮಟ್ಟಿಯಲ್ಲಿ ಜಿಗಿಯುವುದೇನು, ಬೈಠಕ್ ಹೊಡೆಯುವುದೇನು. "ರೀ, ಕಾಲಾಗ ಕಬ್ಬಿಣ ಅದ ನಿಮ್ದು, ನೆನಪದನಿಲ್ಲ?" ಎಂದರೆ "ಏನೂ ಆಗಂಗಿಲ್ಲ ಬಿಡ, ನನಗ ಗೊತ್ತಾಗ್ತದಲ್ಲ" ಅನ್ನುತ್ತಿದ್ದರು. ಏನು ಗೊತ್ತಾಗುತ್ತದೆ ಮಣ್ಣು! ಗೊತ್ತು ಮಾಡಿಸುವುದು ನನ್ನ ಕಾಲಿನಲ್ಲಿತ್ತು. ಅವರು ಅಲ್ಲಿ ಜಿಗಿದಾಗ ನಾನು ಇಲ್ಲಿ ಹಿಟ್ಟಿನ ಬೋಗುಣಿ ಕೈಬಿಡುತ್ತಿದ್ದೆ.

ಒಂದು ದಿನ ನೋವು ಜಾಗ ಬದಲಿಸಿತು. ತೊಡೆಯ ಹೊರಬದಿಗೆ ಇದ್ದದ್ದು ಒಳಬದಿಗೆ, ಮೇಲಕ್ಕೆ ಬಂದಿತ್ತು. ನಾನು ಹವಾಲ್ದಾರರ ಕೈ ಹಿಡಿದು ಎಳೆದುಕೊಂಡೇ ದಂಡಿನ ದವಾಖಾನೆಗೆ ಹೋದೆ. ಅಲ್ಲಿದ್ದವರು ಇನಾಮದಾರ ಡಾಕ್ಟರು, ನಮ್ಮೂರಿನಲ್ಲೇ ಹುಟ್ಟಿ ಬೆಳೆದ ಮುದುಕರು. ಅವರು ನನ್ನನ್ನು ಪ್ರಶ್ನೆ ಕೇಳಿದರು, ಹವಾಲ್ದಾರರ ಕಾಲಿನ ಎಕ್ಸ್‌ರೇ ತೆಗೆದರು. ನೋಡಿ ಕನ್ನಡಕ ತೆಗೆದಿಟ್ಟರು.

"ತಾಯಿ, ಚೂರು ಸರಿದದ. ದೊಡ್ಡ ರಕ್ತನಾಳದ ಬಾಜೂಕ ಹೋಗಿ ಕುಂತದ. ಅದನ್ನ ಕೊರೀತಂದ್ರ ಮನಷ್ಯಾ ಉಳಿಯಂಗಿಲ್ಲ. ರಾಜಧಾನಿಯ ದೊಡ್ಡ ಆಸ್ಪತ್ರಿಯೊಳಗ ತಗಸಬೇಕು, ಲಗೂನ."

"ಹಂಗಾದ್ರ ಕಳಸ್ರಿ."

"ನಾ ಬರ್ದು ಕಳಿಸ್ತೀನಿ. ಆದ್ರ ಅಲ್ಲಿ ಪಾಳಿ ಅದ. ಯಾರಿಗೆ ನೋವು ಹೆಚ್ಚೋ ಅವರು ಮೊದಲು. ಸೊನ್ನಿಯಿಂದ ಹತ್ತರ ಮಟ ಅಂಕ ಕೊಡ್ತಾರ. ಮಾಜಿ ಸೈನಿಕರ ಆರೋಗ್ಯ ಹೆಂಗದ ಅಂತ ಅಧ್ಯಯನ ಮಾಡೋ ಮಂದಿ ಮುಂದಿನ ವಾರ ನಮ್ಮೂರಿಗೇ ಬರ್ತಾರ. ಅವರು ಬರಕೊಂಡದ್ದ ಖರೆ."

"ನಮ್ಮೂರಿನ ಪದ್ಧತಿ ನೀವ ತಿಳಿಸಿ ಹೇಳ್ರಲ್ಲ ಅವರಿಗೆ."

ಇನಾಮದಾರರು ನಕ್ಕರು, ಅದು ನಗುವ ನಗುವಲ್ಲ. "ಹೇಳೇನಿ ತಾಯಿ. ಮೂರು ಸಲ ಬರದೇನಿ. ವಯಸ್ಸಾತು, ವಿಶ್ರಾಂತಿ ತಗೋರಿ ಅಂತ ಉತ್ತರ ಬಂತು."

ಮನೆಗೆ ಬಂದವಳೇ ಹವಾಲ್ದಾರರ ಮುಂದೆ ಕೂತೆ. ಕೈಮುಗಿದೆ ಎಂದರೂ ಸರಿಯೇ. "ಅವರು ಬಂದಾಗ ವಾಪಸ್ ಕೇಳ್ರಿ ನನ್ನ. ಒಂದ್ ತಾಸು ಸಾಕು. ಹೆಂಗದ ಅನ್ನೋದು ಅವರು ಕಣ್ಣಿಲೆ ನೋಡ್ಲಿ."

ಹವಾಲ್ದಾರರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. "ಮನಿಗೆ ಬಂದ ಮಂದಿ ಮುಂದ ನರಳಿಕೋತ ಕೂಡ್ಲೇನು ನಾ? ಮನ್ಯಾಗ ಕೇಳೋರ ಗತಿ ಇಲ್ಲ ಅಂತಾರ ಊರಾಗ."

ಇದು ನಮ್ಮೂರಿನ ದೊಡ್ಡ ಮರ್ಯಾದೆ. ಅತಿಥಿ ಹೊಸ್ತಿಲು ತುಳಿಯುವ ಮೊದಲು ಮನೆಯ ರೋಗಿಯ ನೋವನ್ನು ಯಾರಾದರೂ ಪಡೆದು ಒಳಗೆ ಹೋಗಿಬಿಡಬೇಕು. ರೋಗಿ ಮುಖ ತೊಳೆದು, ಅಂಗಿ ಹಾಕಿಕೊಂಡು, ಬಂದವರ ಜೊತೆ ಕೂತು ಚಹಾ ಕುಡಿಯಬೇಕು. ಅತಿಥಿಯ ಮುಂದೆ "ಅಯ್ಯಪ್ಪಾ" ಅಂದರೆ ಆ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಅಧ್ಯಯನದವರು ಬರುತ್ತಾರೆ ಎಂದು ಗೊತ್ತಾದದ್ದೇ, ಯಾರೂ ಹೊರದೆ ಉಳಿದಿದ್ದ ಅಷ್ಟಿಷ್ಟು ನೋವನ್ನೂ ಮನೆಮನೆಯಲ್ಲಿ ಗುಡಿಸಿ ಒಳಗೆ ಎಳೆದುಕೊಂಡರು ನಮ್ಮ ಜಾಣೆಯರು. ಅಂಗಳ ಸಾರಿಸಿದರು, ರಂಗೋಲಿ ಹಾಕಿದರು.

"ಹೋಗ್ಲಿ, ಬರೇ ಬಾಯಿಲೆ ಹೇಳ್ರಿ. ಭಾಳ ನೋವದ, ಹತ್ತಕ್ಕ ಹತ್ತು ಅನ್ರಿ."

"ಸುಳ್ಳು ಹೇಳಂಗಿಲ್ಲ ನಾ. ದಂಡಿನ್ಯಾಗ ಇದ್ದಂವ. ನನಗ ನೋವಿಲ್ಲ."

"ನಿಮಗಿಲ್ಲ, ನನಗದ!"

"ಅದನ್ನ ಅವರು ಕೇಳಿದ್ರ ನೀ ಹೇಳ" ಎಂದು ಎದ್ದು ಗರಡಿಮನೆಗೆ ಹೋದರು. ಆ ಹೊತ್ತು ನನಗೆ ಬಂದ ಸಿಟ್ಟಿಗೆ ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಅಂಗಳಕ್ಕೆ ಎಸೆದೆ. ಆಮೇಲೆ ಕುಂಟುತ್ತ ಹೋಗಿ ನಾನೇ ತೊಳೆದೆ, ಇನ್ಯಾರು ತೊಳೆಯಬೇಕು?

ಬಂದವರ ಹೆಸರು ಡಾಕ್ಟರ್ ಮುಕುಂದ ಪುರಾಣಿಕ. ಒಳ್ಳೆಯ ಮನುಷ್ಯರೇ, ಕೆಟ್ಟವರು ಎಂದು ಹೇಳಲಾರೆ. ಬೂಟು ಹೊರಗೆ ಬಿಟ್ಟು ಒಳಗೆ ಬಂದರು. ಹಚ್ಚಿದ ಅವಲಕ್ಕಿ ಚೆನ್ನಾಗಿದೆ ಅಂದರು. ಮಡಿಲಲ್ಲಿ ಟ್ಯಾಬ್ ಇಟ್ಟುಕೊಂಡು ಬೆರಳಿನಿಂದ ಒತ್ತುತ್ತ ಒಂದೊಂದಾಗಿ ಕೇಳಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಚೌಕಟ್ಟು ಹಿಡಿದು ನಿಂತಿದ್ದೆ. ಅವತ್ತು ಬೇರೆ ಮೋಡ ಕಟ್ಟಿತ್ತು.

"ಕಳೆದ ವಾರ ನಿಮ್ಮ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿತ್ತು, ಹವಾಲ್ದಾರ್ ಸಾಹೇಬರೇ?"

"ಸೊನ್ನಿ, ಸರ್."

"ನಿದ್ದೆ?"

"ಕಲ್ಲಿನಂಗ ಬೀಳ್ತೀನಿ ಸರ್." ಅವರು ಕಲ್ಲಿನ ಹಾಗೆ ಬಿದ್ದಾಗ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ತೊಲೆ ಎಣಿಸುತ್ತಿದ್ದವಳು ನಾನು.

"ನಡೆಯಲು, ಮೆಟ್ಟಿಲು ಹತ್ತಲು ತೊಂದರೆ?"

"ಕುಸ್ತಿ ಆಡ್ತೀನಿ ಸರ್!"

ಪುರಾಣಿಕರು ತಲೆದೂಗಿದರು, ಅವರ ಕಣ್ಣಲ್ಲಿ ಮೆಚ್ಚುಗೆ ಇತ್ತು. ಹವಾಲ್ದಾರರು ಮೀಸೆ ನೇವರಿಸಿಕೊಂಡರು. ನನಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು. ಬಾಗಿಲು ದೂಡಿಕೊಂಡು ಹೊರಗೆ ಬಂದೇಬಿಟ್ಟೆ.

"ಡಾಕ್ಟರ್ ಸಾಹೇಬ್ರ, ಅವರ ನೋವು ನನ್ನ ಹತ್ರ ಅದ. ನನ್ನ ಕೇಳ್ರಿ."

ಅವರು ಎದ್ದು ನಮಸ್ಕಾರ ಮಾಡಿದರು. "ಗೊತ್ತಾಗುತ್ತದಮ್ಮ. ಸೈನಿಕರ ಪತ್ನಿಯರ ತ್ಯಾಗ ಬಹಳ ದೊಡ್ಡದು."

"ತ್ಯಾಗ ಅಲ್ರೀ, ತೊಡಿ. ಬಲಗಡಿ ತೊಡಿ. ಇಲ್ಲಿ ನೋಡ್ರಿ, ಇಲ್ಲಿಂದ ಇಲ್ಲೀ ಮಟ ಬಂದದ. ಅವರ ಕಾಲು ಬಿಚ್ಚಿಸಿ ನೋಡ್ರಿ, ಎಕ್ಸ್‌ರೇ ಅದ, ಇನಾಮದಾರ ಡಾಕ್ಟರ್ ಹತ್ರ ಕೇಳ್ರಿ."

ಅವರ ಮುಖದಲ್ಲಿ ಒಂದು ನಗು ಬಂತು. ಓದಿದವರು ದೆವ್ವದ ಕಥೆ ಕೇಳುವಾಗ ಬರುವ ನಗು, ಎದುರಿನವರಿಗೆ ಬೇಜಾರಾಗಬಾರದು ಎಂದು ತಂದುಕೊಂಡದ್ದು. "ಅಮ್ಮಾ, ನಮ್ಮ ಅಧ್ಯಯನ ಮಾಜಿ ಸೈನಿಕರದ್ದು ಮಾತ್ರ. ಮನೆಯವರನ್ನು ಕೇಳುವ ಪ್ರಶ್ನೆಗಳು ಇದರಲ್ಲಿ ಇಲ್ಲ. ಆದರೆ ನೀವು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ." ಏನು ಬರೆದುಕೊಂಡರು ಗೊತ್ತೇ? 'ಕುಟುಂಬದ ಬೆಂಬಲ: ಅತ್ಯುತ್ತಮ.' ಬರೆದು ನನಗೆ ಓದಿ ಬೇರೆ ಹೇಳಿದರು. ಹವಾಲ್ದಾರರ ಕಾಲನ್ನು ಅವರು ನೋಡಲಿಲ್ಲ. ನೋವಿಲ್ಲ ಎಂದವನ ಪ್ಯಾಂಟನ್ನು ಮೇಲಕ್ಕೆ ಏರಿಸಿ ನೋಡುವವರು ಯಾರು? ಚಹಾ ಕುಡಿದು ಮುಂದಿನ ಮನೆಗೆ, ಹುಸೇನಬಿಯ ಮನೆಗೆ ಹೋದರು. ಅಲ್ಲಿಯೂ ಸೊನ್ನೆ.

ಸುದ್ದಿ ಬಂದದ್ದು ಬೇಸಿಗೆಯಲ್ಲಿ. ನಾಡಿನಲ್ಲೆಲ್ಲ ಅತ್ಯಂತ ಆರೋಗ್ಯವಾಗಿರುವ ಮಾಜಿ ಸೈನಿಕರು ನಮ್ಮೂರಿನವರಂತೆ! ಇಂಥ ಚೇತರಿಕೆಯನ್ನು ಎಲ್ಲೂ ಕಂಡಿಲ್ಲವಂತೆ. ಆದ್ದರಿಂದ ದಂಡಿನ ದವಾಖಾನೆಯಲ್ಲಿ ಅವರಿಗಾಗಿ ಇದ್ದ ವಾರ್ಡು ಮುಚ್ಚಿ ಅಗತ್ಯ ಇರುವ ಬೇರೆ ಊರಿಗೆ ಕೊಡುತ್ತಾರೆ. ಹವಾಲ್ದಾರ್ ರಾಚಪ್ಪನವರ ಆಪರೇಷನ್ನು ಬೇಕಾಗಿಲ್ಲ, ಪಾಳಿಯಿಂದ ಹೆಸರು ತೆಗೆದಿದ್ದಾರೆ. ಇದನ್ನೆಲ್ಲ ಇನಾಮದಾರರು ನನ್ನ ಮುಖ ನೋಡದೆ ಹೇಳಿದರು. ಆಮೇಲೆ, "ಮಳಿಗಾಲದ ಮಟ ಅಂತೂ ಭರವಸೆ ಕೊಡಂಗಿಲ್ಲ ತಾಯಿ ನಾ" ಅಂದರು.

ಊರಿಗೆ ಮಾತ್ರ ಹಬ್ಬ. ಪುರಾಣಿಕರು ತಾವೇ ಬಂದು ಶಾಲೆಯ ಸಭಾಂಗಣದಲ್ಲಿ ಸನ್ಮಾನ ಮಾಡುತ್ತಾರಂತೆ, ಎಲ್ಲರ ಪರವಾಗಿ ಹವಾಲ್ದಾರ್ ರಾಚಪ್ಪ ಮಾತಾಡಬೇಕಂತೆ. ನಮ್ಮವರು ಪೆಟ್ಟಿಗೆಯಿಂದ ಮೆಡಲುಗಳನ್ನು ತೆಗೆದು ಹುಣಸೆಹಣ್ಣು ಹಚ್ಚಿ ಉಜ್ಜಿದರು. ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಬಂದರು. ನಾನು ಊಟಕ್ಕೆ ಬಡಿಸಿದೆ, ಮಾತಾಡಲಿಲ್ಲ. "ಯಾಕ, ಸಿಟ್ಟೇನ?" ಎಂದು ಕೇಳಿದರು. "ಆಪರೇಷನ್ ರದ್ದಾತು" ಅಂದೆ. "ನನಗ ಚಲೋನ ಅದಲ್ಲ" ಅಂದರು. ಹಾಗೆನ್ನುವಾಗ ಅವರು ತಟ್ಟೆ ನೋಡುತ್ತಿದ್ದರು, ನನ್ನನ್ನಲ್ಲ. ಆಗ ನನಗೆ ಪೂರ್ತಿ ತಿಳಿಯಿತು. ಮರ್ಯಾದೆಯೂ ಅಲ್ಲ, ಸುಳ್ಳು ಹೇಳಬಾರದು ಎನ್ನುವುದೂ ಅಲ್ಲ. ಗುಂಡಿಗೆ ಎದೆಯೊಡ್ಡಿದ ಈ ಮನುಷ್ಯ ತನ್ನದೇ ನೋವಿಗೆ ಹೆದರುತ್ತಿದ್ದಾನೆ. ಅದು ಈಗ ಎಷ್ಟು ಬೆಳೆದಿದೆಯೋ ಏನೋ ಎಂದು, ವರ್ಷಗಳಿಂದ ಒಳಗೊಳಗೇ ನಡುಗುತ್ತಿದ್ದಾನೆ. ಹೆದರಲಿ, ಹೆದರುವುದು ತಪ್ಪಲ್ಲ. ಆದರೆ ಆ ಹೆದರಿಕೆಯನ್ನೂ ನಾನೇ ಹೊರಬೇಕೇನು?

ಸನ್ಮಾನದ ದಿನ ಹುಸೇನಬಿ ತಲೆಗೆ ಬಟ್ಟೆ ಬಿಗಿದುಕೊಂಡು ಬಂದಳು. ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ ಅವಳಿಗೆ. ನಾನು ಅವಳ ಕೈ ಹಿಡಿದುಕೊಂಡೆ, ಅವಳು ನನ್ನ ಭುಜ ಹಿಡಿದುಕೊಂಡಳು. ಸಭಾಂಗಣದಲ್ಲಿ ವೇದಿಕೆಯ ಮೇಲೆ ಗಂಡಸರಿಗೆ ಕುರ್ಚಿ, ಕೆಳಗೆ ನಮಗೆ ಜಮಖಾನೆ. ಕೂತುಕೊಳ್ಳುವುದೇ ನನಗೆ ದೊಡ್ಡ ಪ್ರಯಾಸ. ಮೇಲೆ ನೋಡಿದರೆ ಸಾಲಾಗಿ ಮಾಜಿ ಸೈನಿಕರು, ಕೊರಳಲ್ಲಿ ಚೆಂಡುಹೂವಿನ ಹಾರ, ಎಲ್ಲರ ಮುಖವೂ ಫಳಫಳ. ಕೆಳಗೆ ನೋಡಿದರೆ ಸೆರಗು ಕಚ್ಚಿಕೊಂಡ ಹೆಂಗಸರು. ಹಿಂದಿನ ಗೋಡೆಗೆ ಬಟ್ಟೆಯ ಮೇಲೆ 'ನೋವಿಲ್ಲದ ಊರಿಗೆ ಅಭಿನಂದನೆ' ಎಂದು ಬರೆದು ಕಟ್ಟಿದ್ದರು. ಓದಿ ಮುಗಿಸುವ ಹೊತ್ತಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

ಪುರಾಣಿಕರು ಹವಾಲ್ದಾರರಿಗೆ ಶಾಲು ಹೊದಿಸಿ ಮೈಕು ಕೈಗೆ ಕೊಟ್ಟರು. "ಸಾಹೇಬರೇ, ನಿಮ್ಮ ಈ ಆರೋಗ್ಯದ ಗುಟ್ಟೇನು? ಬೇರೆ ಊರಿನವರಿಗೂ ಗೊತ್ತಾಗಲಿ."

ಹವಾಲ್ದಾರರು ಗಂಟಲು ಸರಿಮಾಡಿಕೊಂಡರು. "ಶಿಸ್ತು," ಅಂದರು. "ಸೈನಿಕನಿಗೆ ಶಿಸ್ತು ಅನ್ನೋದು..."

ನಾನು ಎದ್ದು ನಿಂತೆ. ಹೇಗೆ ಎದ್ದೆನೋ ಗೊತ್ತಿಲ್ಲ, ಹುಸೇನಬಿಯ ತಲೆ ಊರಿಕೊಂಡೇ ಎದ್ದಿರಬೇಕು, ಪಾಪ. "ಸಾಕ್ ಮಾಡ್ರಿ ಹವಾಲ್ದಾರರ!" ಅಂದೆ. ಮೈಕು ನನಗೆ ಬೇಕಾಗಲಿಲ್ಲ. "ನಿಮ್ಮ ಕಾಲಾಗಿನ ಚೂರು ಈಗ ಎಲ್ಲೀ ಮಟ ಬಂದದ, ಹೇಳ್ರಿ ನೋಡೋಣ. ನಿಮಗ ಗೊತ್ತಿಲ್ಲ. ಈ ಡಾಕ್ಟರ್‌ಗೂ ಗೊತ್ತಿಲ್ಲ. ನನಗ ಗೊತ್ತದ. ಅದು ನಾಳಿ ರಕ್ತನಾಳ ಕೊರದ್ರ ನಿಮಗ ಗೊತ್ತಾಗಂಗಿಲ್ರಿ, ಕುಂತಲ್ಲೇ ಹೋಗ್ತೀರಿ, ನಕ್ಕೋತ ಹೋಗ್ತೀರಿ. ಗೊತ್ತಾಗೋದು ನನಗ. ಒಲಿ ಮುಂದ ನಿಂತಿರ್ತೀನಿ, ನನ್ನ ಕಾಲುನೋವು ಫಟ್ ಅಂತ ನಿಂತುಬಿಡ್ತದ. ಹಾ, ಹವಾಲ್ದಾರ್ ಹ್ವಾದ್ರು ಅಂತ ಹಿಟ್ಟಿನ ಕೈಲೆ ತಿಳ್ಕೋಬೇಕೇನು ನಾ? ಆ ಸುಖ ನನಗ ಬ್ಯಾಡ! ಬೆಂಕಿ ಹಚ್ಚ ಆ ಸುಖಕ್ಕ!"

ಪಂಚಾಯ್ತಿಯ ಯಾರೋ "ಏ ಕೂಡ್ರಸ್ರಿ ಆಕಿನ್ನ" ಅಂದ. ಹವಾಲ್ದಾರರು ಅವನಿಗೆ ಸುಮ್ಮನಿರಲು ಕೈಸನ್ನೆ ಮಾಡಿದರು. ಮೈಕನ್ನು ಕುರ್ಚಿಯ ಮೇಲಿಟ್ಟರು. ಮೆಟ್ಟಿಲಿಳಿದು, ಹೆಂಗಸರ ಜಮಖಾನೆಯ ನಡುವೆ ಬೂಟುಗಾಲಲ್ಲೇ ನಡೆದು ಬಂದು ನನ್ನ ಎದುರು ನಿಂತರು. ಮುಖದಲ್ಲಿ ಹನಿಹನಿ ಬೆವರು.

"ನನಗ ಅಂಜಿಕಿ ಆಗ್ತದ" ಅಂದರು, ನನಗಷ್ಟೇ ಕೇಳುವ ಹಾಗೆ.

"ಗೊತ್ತದ."

"ಎಷ್ಟದ?"

"ಕೇಳ್ರಿ, ತಿಳೀತದ."

ಅವರು ನನ್ನ ಮಣಿಕಟ್ಟು ಹಿಡಿದರು. "ಕೊಡು" ಅಂದರು. "ತಗೋರಿ" ಅಂದೆ.

ಅವರ ಬಾಯಿಂದ ಬಂದ ಸದ್ದನ್ನು ನಾನು ಹೇಳಲಾರೆ. ಕಾಲು ಮಡಿಸಿಕೊಂಡು ಜಮಖಾನೆಯ ಮೇಲೆ ಬಿದ್ದು ಉರುಳಾಡಿದರು, ಹಾರ ಹರಿದು ಚೆಂಡುಹೂ ಚೆಲ್ಲಾಪಿಲ್ಲಿಯಾಯಿತು. ನಾನು ನೆಟ್ಟಗೆ ನಿಂತಿದ್ದೆ. ಮೈ ಹಗುರಾಗಿ ಎಲ್ಲಿ ಹಿಂದಕ್ಕೆ ಬೀಳುತ್ತೇನೋ ಎನಿಸಿತು. ವೇದಿಕೆಯ ಮೇಲಿಂದ ಮೌಲಾ ಜಿಗಿದು ಬಂದ. "ಅಮ್ಮಾ, ನಂದೂ ಕೊಡು" ಎಂದು ಹುಸೇನಬಿಯ ಕೈ ಹಿಡಿದ. ಅವಳು ಕೊಡುವುದಿಲ್ಲ ಎಂದು ಅಳುತ್ತಿದ್ದಳು. ಕೊನೆಗೆ ಕೊಟ್ಟಳು. ಅವನು ತಲೆ ಹಿಡಿದುಕೊಂಡು ಗೋಡೆಗೆ ಕುಸಿದ. ಆಮೇಲೆ ಒಬ್ಬೊಬ್ಬರೇ ಇಳಿದು ಬಂದರು. ಎಲ್ಲರೂ ಬರಲಿಲ್ಲ. ಕೆಲವರು ಹಾರ ಸರಿಪಡಿಸಿಕೊಳ್ಳುತ್ತ ಕೂತೇ ಇದ್ದರು, ಅವರ ಹೆಸರು ಹೇಳಿ ನಾಲಿಗೆ ಹೊಲಸು ಮಾಡಿಕೊಳ್ಳುವುದಿಲ್ಲ.

ಪುರಾಣಿಕರು ಓಡಿಬಂದು ಹವಾಲ್ದಾರರ ಪ್ಯಾಂಟನ್ನು ಕತ್ತರಿಯಿಂದ ಸೀಳಿದರು. ತೊಡೆ ಬಾತು ಕೆಂಪಗಾಗಿತ್ತು, ಮುಟ್ಟಿದರೆ ಕಾದ ಹೆಂಚು. ಪುರಾಣಿಕರ ಮುಖ ಬಿಳುಚಿಕೊಂಡಿತು. "ಎಷ್ಟು ದಿನದಿಂದ ಹೀಗಿದೆ?"

"ಅವರಿಗೆ ಈಗಿಂದ," ಅಂದೆ. "ನನಗ ನೀವು ಅವಲಕ್ಕಿ ತಿನ್ನಾಕತ್ತಿದ್ದಾಗಿಂದ."

ಅವರ ವಾಹನದಲ್ಲೇ ಹಿಂದಿನ ಸೀಟು ಮಡಚಿ ಹವಾಲ್ದಾರರನ್ನು ಮಲಗಿಸಿದರು. ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಪುರಾಣಿಕರು. ರಾಜಧಾನಿಯ ದಾರಿ ಹಿಡಿದೆವು. ನಮ್ಮೂರಿನ ಹಳ್ಳದ ಸೇತುವೆ ದಾಟಿದ ಮೇಲೆ ಈ ಕೊಡುವುದು ಪಡೆಯುವುದು ನಡೆಯುವುದಿಲ್ಲ, ದಾಟುವಾಗ ಯಾರ ಹತ್ತಿರ ಇತ್ತೋ ಆಚೆಗೂ ಅವರ ಹತ್ತಿರವೇ. ಹವಾಲ್ದಾರರಿಗೂ ಅದು ಗೊತ್ತಿತ್ತು. ಪ್ರತಿ ಕುಲುಕಿಗೂ ಕಿರುಚುತ್ತ ನನ್ನ ಸೆರಗು ಹಿಡಿದು ಜಗ್ಗಿದರು. "ಬಸಲಿಂಗಿ, ಕೇಳ, ಕೇಳ ನನ್ನ! ತಡಕೊಳ್ಳಾಕ ಆಗವಲ್ದು!" ನನ್ನ ಕೈ ತಾನಾಗಿಯೇ ಅವರ ಮಣಿಕಟ್ಟಿನತ್ತ ಹೋಯಿತು. ಎಷ್ಟು ವರ್ಷದ ಅಭ್ಯಾಸ! ಬೆರಳು ಮಡಚಿ ಮುಷ್ಟಿ ಮಾಡಿ ತೊಡೆಯ ಕೆಳಗೆ ಇಟ್ಟುಕೊಂಡೆ.

"ಅಮ್ಮಾ," ಅಂದರು ಪುರಾಣಿಕರು. ಅವರ ಕಣ್ಣಲ್ಲಿ ನೀರಿತ್ತು. "ನೀವು ಒಮ್ಮೆ ತಗೊಂಡುಬಿಡಿ. ನೋಡಲು ಆಗುತ್ತಿಲ್ಲ. ಆಸ್ಪತ್ರೆ ಸೇರುವ ತನಕ."

ನೋಡಿ, ನೋಡಿ! ನಾನು ಬಾಯಿಬಿಟ್ಟು ಹೇಳಿದಾಗ ನಂಬದಿದ್ದ ಮನುಷ್ಯ, ಒಂದು ತಾಸಿನಲ್ಲಿ ನಮ್ಮೂರಿನ ಪದ್ಧತಿ ಕಲಿತು, ಅದನ್ನು ನನ್ನ ಮೇಲೆಯೇ ಹೊರಿಸಲು ಬಂದಿದ್ದ. "ನೀವ ತಗೋರಲ್ಲ," ಅಂದೆ. "ಕೈ ಹಿಡದು ಕೊಡು ಅನ್ರಿ. ಕೊಡ್ತಾರ. ಹಳ್ಳ ಇನ್ನೂ ಬಂದಿಲ್ಲ."

ಪುರಾಣಿಕರು ಹವಾಲ್ದಾರರ ಮಣಿಕಟ್ಟನ್ನು ನೋಡಿದರು. ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ಆ ಕೈಯಿಂದ ಕಿಟಕಿಯ ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊರಗೆ ನೋಡತೊಡಗಿದರು. ಸೇತುವೆ ಬಂತು, ಹೋಯಿತು.

ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಹವಾಲ್ದಾರರನ್ನು ಸ್ಟ್ರೆಚರಿಗೆ ಹಾಕಿದರು. ಕೂಗಿ ಕೂಗಿ ದಣಿದಿದ್ದರು. ಅಷ್ಟರಲ್ಲಿ ಬಿಳಿ ಕೋಟಿನ ಒಬ್ಬ ಬಂದ, ಅವನ ಕೈಯಲ್ಲೂ ಅಂಥದೇ ಟ್ಯಾಬ್. ಪುರಾಣಿಕರು ಏನೋ ಹೇಳಲು ಹೋದರು, ಅವನು "ಪೇಷಂಟೇ ಹೇಳಬೇಕು ಸರ್" ಎಂದು ಹವಾಲ್ದಾರರ ಕಡೆ ಬಾಗಿದ. "ಅಜ್ಜಾ, ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು?"

ಹವಾಲ್ದಾರರು ಅಪರಿಚಿತನ ಮುಖ ನೋಡಿದರು. ನಾನು ಬೆಚ್ಚಿಬಿದ್ದೆ. ಆ ಸ್ಥಿತಿಯಲ್ಲಿಯೂ ಅವರ ಕೈ ಕಾಲರು ಸರಿಮಾಡಿಕೊಳ್ಳಲು ಎದ್ದಿತ್ತು. ತುಟಿ ಕಚ್ಚಿ, ಕೂಗನ್ನು ನುಂಗಿ, ಹೊರಗಿನವರ ಮುಂದೆ ಇಡುವ ಆ ಮುಖವನ್ನು ಇಡಲು ನೋಡುತ್ತಿದ್ದರು. ನಾನು ಬಗ್ಗಿ ಅವರ ಕೈಯನ್ನು ಕಾಲರಿನಿಂದ ಕಿತ್ತು ಕೆಳಗಿಳಿಸಿದೆ. ಕಿವಿಯ ಹತ್ತಿರ ಬಾಯಿಟ್ಟೆ.

"ಒದರ್ರಿ," ಅಂದೆ. "ಇಲ್ಲಿ ನಮ್ಮ ಮರ್ಯಾದಿ ನೋಡೋರು ಯಾರೂ ಇಲ್ಲ. ನಾ ಅದೀನಿ, ಒದರ್ರಿ."

ಅವರು ಒದರಿದರು. ಬಿಳಿ ಕೋಟಿನವನ ಕೈಯಿಂದ ಟ್ಯಾಬ್ ಕೆಳಗೆ ಬಿತ್ತು. ಉದ್ದಕ್ಕೂ ಇದ್ದ ಕೋಣೆಗಳ ಬಾಗಿಲು ಒಂದೊಂದಾಗಿ ತೆರೆದವು, ಯಾರ್ಯಾರೋ ಓಡಿಬಂದು ಸ್ಟ್ರೆಚರನ್ನು ಒಳಗೆ ದೂಡಿದರು. ನಾನು ಪಕ್ಕದಲ್ಲೇ ಓಡಿದೆ, ಕುಂಟದೆ ಓಡಿದೆ. ಹವಾಲ್ದಾರರು ಒದರುವುದನ್ನು ನಿಲ್ಲಿಸಿದಾಗಲೆಲ್ಲ "ಇನ್ನೂ ಜೋರ್" ಎನ್ನುತ್ತಿದ್ದೆ.